ಒಂದು ಮರ, ಮುನ್ನೂರು ಮಾವು: ಮಲಿಹಾಬಾದಿನ ಕಸಿ ಮರದ ಒಳಗೆ ನಡೆಯುವುದೇನು?

ಲಕ್ನೋದಿಂದ ಹರ್ದೋಯಿ ರಸ್ತೆ ಹಿಡಿದು ಸುಮಾರು 25 ಕಿಲೋಮೀಟರ್ ಹೋದರೆ ಮಲಿಹಾಬಾದ್ ಸಿಗುತ್ತದೆ. ಪಠಾಣ ಮನೆತನಗಳು ನೆಲೆಸಿದ ಹಳೆಯ ಊರು. ಉರ್ದು ಕವಿ ಜೋಶ್ ಮಲಿಹಾಬಾದಿ 1898ರಲ್ಲಿ ಹುಟ್ಟಿದ್ದು ಇಲ್ಲೇ. 1925ರ ರೈಲು ದರೋಡೆಯಿಂದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಹೆಸರಾದ ಕಾಕೋರಿ ಇದರ ಪಕ್ಕದಲ್ಲೇ ಇದೆ. ಆದರೆ ಉತ್ತರ ಭಾರತದಲ್ಲಿ ಯಾರ ಮುಂದೆ ಮಲಿಹಾಬಾದ್ ಅಂದರೂ ಅವರಿಗೆ ಮೊದಲು ನೆನಪಾಗುವುದು ಮಾವು. ರಸ್ತೆಯ ಎರಡೂ ಕಡೆ ಕಣ್ಣು ಹಾಯಿಸಿದಷ್ಟೂ ಮಾವಿನ ತೋಪು.

ಈ ಊರಿನಲ್ಲಿ ಒಂದು ಹಳೆಯ ಮಾವಿನ ಮರ ಇದೆ. ವಯಸ್ಸು 120 ದಾಟಿದೆ ಎನ್ನುತ್ತಾರೆ. ಎತ್ತರ ಸುಮಾರು 9 ಮೀಟರ್, ಅಂದರೆ ಮಾವಿನ ಮರಕ್ಕೆ ಅಂಥ ಭಾರಿ ಎತ್ತರವೇನೂ ಅಲ್ಲ. ದೂರದಿಂದ ನೋಡಿದರೆ ಹರಡಿಕೊಂಡ ಒಂದು ಹಳೇ ಮರ, ಅಷ್ಟೇ. ಹತ್ತಿರ ಹೋದಾಗ ಎಲೆಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಒಂದು ಕೊಂಬೆಯ ಎಲೆ ಹಳದಿ ಛಾಯೆಯದು, ಹೊಳೆಯುತ್ತದೆ. ಅದರ ಪಕ್ಕದ ಕೊಂಬೆಯ ಎಲೆ ಕಡು ಹಸಿರು, ಹೊಳಪಿಲ್ಲ. ಎಲೆ ಕಿವುಚಿ ಮೂಸಿದರೆ ವಾಸನೆಯೂ ಬೇರೆ ಬೇರೆ. ಕಾಯಿ ಬಿಡುವ ಕಾಲದಲ್ಲಂತೂ ಕೇಳುವುದೇ ಬೇಡ. ಉದ್ದ, ದುಂಡು, ಮೂತಿ ಚೂಪಾದದ್ದು, ಹಸಿರು, ಕೆಂಪು, ಕೇಸರಿ, ಎಲ್ಲವೂ ಒಂದೇ ಮರದಲ್ಲಿ. ಈ ಮರದಲ್ಲಿ 300ಕ್ಕೂ ಜಾಸ್ತಿ ಮಾವಿನ ತಳಿಗಳಿವೆ.

ಇದನ್ನು ಮಾಡಿದವರು ಹಾಜಿ ಕಲೀಮುಲ್ಲಾ ಖಾನ್. ಶಾಲೆ ಅರ್ಧಕ್ಕೇ ಬಿಟ್ಟವರು. ಒಂದೇ ಗುಲಾಬಿ ಗಿಡದಲ್ಲಿ ಬೇರೆ ಬೇರೆ ಬಣ್ಣದ ಹೂ ಕಂಡು, ಮಾವಿನಲ್ಲೂ ಇದು ಯಾಕಾಗಬಾರದು ಅಂದುಕೊಂಡರಂತೆ. ಹದಿಹರೆಯದಲ್ಲೇ ಒಂದು ಮರಕ್ಕೆ ಏಳು ತಳಿ ಕಟ್ಟಿದರು. ಆ ಮರ ಉಳಿಯಲಿಲ್ಲ. ಆಮೇಲೆ 1987ರಲ್ಲಿ ಈ ಹಳೇ ಮರಕ್ಕೆ ಕೈ ಹಾಕಿದರು. ವರ್ಷದಿಂದ ವರ್ಷಕ್ಕೆ, ಕೊಂಬೆಯಿಂದ ಕೊಂಬೆಗೆ ಕೆಲಸ ಮುಂದುವರಿಯಿತು. 2008ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈ ಮರದ ಫೋಟೋ ನೋಡಿದವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬೇರು ಒಂದೇ ಆದಮೇಲೆ ರುಚಿ ಕಲಬೆರಕೆ ಆಗುವುದಿಲ್ಲವಾ? ಪಕ್ಕದ ಕೊಂಬೆಯ ಹೂವಿನ ಪರಾಗ ಬಿದ್ದರೆ ಹಣ್ಣು ಬದಲಾಗುವುದಿಲ್ಲವಾ? ಇಷ್ಟೆಲ್ಲ ಕಡಿದು ಕಟ್ಟಿದರೂ ಮರ ಹೇಗೆ ಬದುಕಿದೆ? ಒಳ್ಳೆಯ ಪ್ರಶ್ನೆಗಳು. ಉತ್ತರ ಸಿಗಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ವಾಟೆ ನೆಟ್ಟರೆ ಅದೇ ಮಾವು ಯಾಕೆ ಬರುವುದಿಲ್ಲ?

ರುಚಿಯಾದ ಬಾದಾಮಿ ಹಣ್ಣು ತಿಂದು, ವಾಟೆಯನ್ನು ಹಿತ್ತಲಲ್ಲಿ ನೆಟ್ಟವರು ನಮ್ಮಲ್ಲಿ ತುಂಬ ಜನ. ಗಿಡ ಬರುತ್ತದೆ, ಮರವೂ ಆಗುತ್ತದೆ. ಏಳೆಂಟು ವರ್ಷ ಕಾದ ಮೇಲೆ ಹಣ್ಣು ಬಂದಾಗ ನೋಡಿದರೆ ಹುಳಿ, ನಾರು. ಅದು ಬಾದಾಮಿ ಅಲ್ಲವೇ ಅಲ್ಲ.

ಕಾರಣ ಹೀಗಿದೆ. ಹಣ್ಣು ಬಿಟ್ಟ ಮರ ತಾಯಿ. ಹೂವಿಗೆ ಪರಾಗ ಕೊಟ್ಟ ಮರ ತಂದೆ. ನೊಣ, ದುಂಬಿಗಳು ಎಲ್ಲಿಂದ ಪರಾಗ ತಂದವೋ ಯಾರಿಗೂ ಗೊತ್ತಿಲ್ಲ. ಒಳಗಿನ ಬೀಜ ಇಬ್ಬರ ಮಗು. ಸಾಲದ್ದಕ್ಕೆ ಮಾವಿನ ವಂಶವೇ ತುಂಬ ಬೆರಕೆಯದು. ಅಪ್ಪ ಅಮ್ಮ ಇಬ್ಬರೂ ಒಳ್ಳೆಯ ತಳಿಯಾದರೂ ಮಗುವಿನಲ್ಲಿ ಯಾವ ಗುಣ ಮೇಲೆ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಹಾಗಾಗಿ ವಾಟೆಯಿಂದ ಬಂದ ಪ್ರತಿ ಗಿಡವೂ ಹೊಸ ತಳಿಯೇ. ಅವುಗಳಲ್ಲಿ ಹೆಚ್ಚಿನವು ಸಾಧಾರಣ. ಎಲ್ಲೋ ಅಪರೂಪಕ್ಕೆ ಒಂದು ಅಪ್ಪ ಅಮ್ಮನನ್ನೂ ಮೀರಿಸುತ್ತದೆ.

ಪಶ್ಚಿಮ ಕರಾವಳಿಯ ಕೆಲವು ತಳಿಗಳು ಇದಕ್ಕೆ ಹೊರತು. ಅವುಗಳ ಒಂದೇ ವಾಟೆಯಿಂದ ಮೂರು ನಾಲ್ಕು ಸಸಿ ಏಳುತ್ತವೆ. ಅವುಗಳಲ್ಲಿ ಬಹುಪಾಲು ಪರಾಗದ ಪಾಲಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಅಂದರೆ ತಾಯಿಯ ಪಡಿಯಚ್ಚು. ಉತ್ತರ ಭಾರತದ ಮಾವುಗಳಲ್ಲಿ ಈ ಗುಣ ಇಲ್ಲ. ದಶೇರಿ, ಲಂಗ್ಡಾ, ಚೌಸಾ ಇವೆಲ್ಲ ಒಂದು ವಾಟೆಗೆ ಒಂದೇ ಸಸಿ ಕೊಡುವಂಥವು. ಅವನ್ನು ಇದ್ದ ಹಾಗೇ ಉಳಿಸಿಕೊಳ್ಳಬೇಕಾದರೆ ಬೀಜದ ದಾರಿ ಬಿಟ್ಟು ಕೊಂಬೆಯ ದಾರಿ ಹಿಡಿಯಬೇಕು.

ಆ ದಾರಿಯೇ ಕಸಿ. ಇದು ನಮ್ಮ ದೇಶಕ್ಕೆ ಹೊಸದಲ್ಲ. 6ನೇ ಶತಮಾನದ ವರಾಹಮಿಹಿರ ಮರಗಿಡಗಳ ಬಗ್ಗೆ ಬರೆಯುವಾಗ, ಒಂದರ ಕಡ್ಡಿಯನ್ನು ಇನ್ನೊಂದರ ಬೇರಿನ ಮೇಲೋ ಕಾಂಡದ ಮೇಲೋ ಕೂರಿಸುವ ಕ್ರಮವನ್ನೂ ಹೇಳಿದ್ದಾನೆ. 16ನೇ ಶತಮಾನದಲ್ಲಿ ಗೋವಾಕ್ಕೆ ಬಂದ ಪೋರ್ಚುಗೀಸರು ಮಾವಿನ ಕಸಿಯನ್ನು ದೊಡ್ಡದಾಗಿ ಬೆಳೆಸಿದರು. ನಾವು ಬಾದಾಮಿ ಅಂತಲೂ ಆಪೂಸ್ ಅಂತಲೂ ಕರೆಯುವ ಅಲ್ಫಾನ್ಸೋ ಬಂದದ್ದು ಆ ಕಡೆಯಿಂದಲೇ.

ಕೀಲಿನಲ್ಲಿ ಏನಾಗುತ್ತದೆ

ಮಾವಿನ ಕೊಂಬೆಯ ಸಿಪ್ಪೆಯನ್ನು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ ನೋಡಿ. ಸಿಪ್ಪೆ ಮತ್ತು ಒಳಗಿನ ಬಿಳಿ ಕಟ್ಟಿಗೆಯ ನಡುವೆ ಜಿಗುಟಾದ ಒಂದು ತೆಳು ಪದರ ಇರುತ್ತದೆ. ಇದು ಕ್ಯಾಂಬಿಯಂ. ಕೆಲವೇ ಜೀವಕೋಶಗಳಷ್ಟು ದಪ್ಪ. ಆದರೆ ಮರ ದಪ್ಪವಾಗುವುದು ಇದರಿಂದಲೇ. ಇದು ಒಳಗಡೆಗೆ ನೀರು ಏರುವ ನಾಳಗಳನ್ನು ಹುಟ್ಟಿಸುತ್ತದೆ, ಹೊರಗಡೆಗೆ ಎಲೆ ಮಾಡಿದ ಸಕ್ಕರೆ ಇಳಿಯುವ ನಾಳಗಳನ್ನು. ಕಸಿಯ ಗುಟ್ಟೆಲ್ಲ ಈ ಪದರದಲ್ಲಿದೆ. ಕಡ್ಡಿಯ ಕ್ಯಾಂಬಿಯಂ ಮತ್ತು ಮರದ ಕ್ಯಾಂಬಿಯಂ ಒಂದಕ್ಕೊಂದು ತಾಗಬೇಕು. ತಾಗದಿದ್ದರೆ ಎಷ್ಟು ಚೆನ್ನಾಗಿ ಕಟ್ಟಿದರೂ ಕಡ್ಡಿ ಒಣಗುತ್ತದೆ.

ಶ್ರೀನಿವಾಸಪುರದ ಕಡೆ ಯಾವುದೇ ನರ್ಸರಿಗೆ ಮಳೆಗಾಲದಲ್ಲಿ ಹೋದರೂ ಈ ಕೆಲಸ ಕಣ್ಣಾರೆ ನೋಡಬಹುದು. ಪಳಗಿದ ಕೈ ಒಂದು ಕಸಿಯನ್ನು ಒಂದೆರಡು ನಿಮಿಷದಲ್ಲಿ ಮುಗಿಸುತ್ತದೆ. ಆದರೆ ತಯಾರಿ ಮೊದಲೇ ಆಗಿರುತ್ತದೆ. ಬೇಕಾದ ಮರದಲ್ಲಿ ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕಡ್ಡಿ ಆರಿಸುತ್ತಾರೆ. ವಾರ ಹತ್ತು ದಿನ ಮುಂಚೆ ಅದರ ಎಲೆಗಳನ್ನು ಕತ್ತರಿಸಿ ತೊಟ್ಟು ಮಾತ್ರ ಉಳಿಸುತ್ತಾರೆ. ಆ ತೊಟ್ಟುಗಳು ಮುಟ್ಟಿದರೆ ಉದುರುವ ಹೊತ್ತಿಗೆ ತುದಿಯ ಮೊಗ್ಗು ಉಬ್ಬಿರುತ್ತದೆ. ಕಡ್ಡಿ ಹದಕ್ಕೆ ಬಂದ ಗುರುತು ಅದು. ಆಮೇಲೆ ಸಸಿಯ ತಲೆ ಕತ್ತರಿಸಿ ನಡುವೆ ಸೀಳು ಮಾಡುತ್ತಾರೆ. ಕಡ್ಡಿಯ ಬುಡವನ್ನು ಎರಡೂ ಕಡೆ ಇಳಿಜಾರಾಗಿ ಹೆರೆದು ಸೀಳಿನೊಳಗೆ ಕೂರಿಸುತ್ತಾರೆ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಕೊನೆಗೆ ಐಸ್‌ಕ್ಯಾಂಡಿ ತುಂಬುವಂಥ ಉದ್ದನೆಯ ಪ್ಲಾಸ್ಟಿಕ್ ಕವರನ್ನು ಟೋಪಿಯಂತೆ ಮೇಲಿಂದ ಇಳಿಬಿಡುತ್ತಾರೆ. ಕಡ್ಡಿಗೆ ಇನ್ನೂ ನೀರಿನ ಸಂಪರ್ಕ ಇಲ್ಲವಲ್ಲ, ಅಷ್ಟು ದಿನ ಅದು ಒಣಗಬಾರದು. ಆ ಕವರಿನೊಳಗಿನ ತೇವವೇ ಅದನ್ನು ಕಾಯುತ್ತದೆ.

ಒಳಗೆ ನಡೆಯುವುದು ಇದು. ಗಾಯವಾದ ಎರಡೂ ಕಡೆಯ ಜೀವಕೋಶಗಳು ಬೇಗ ಬೇಗ ಹೆಚ್ಚುತ್ತವೆ. ಮೆತ್ತನೆಯ, ಆಕಾರವಿಲ್ಲದ ಅಂಗಾಂಶ ಬೆಳೆದು ನಡುವಿನ ಸಂದು ತುಂಬುತ್ತದೆ. ಇದಕ್ಕೆ ಕ್ಯಾಲಸ್ ಅನ್ನುತ್ತಾರೆ. ಚಿಗುರಿನ ಕಡೆಯಿಂದ ಇಳಿದು ಬರುವ ಆಕ್ಸಿನ್ ಎಂಬ ಹಾರ್ಮೋನಿನ ಪ್ರಭಾವದಿಂದ ಈ ಮೆತ್ತನೆಯ ರಾಶಿಯೊಳಗೆ ಹೊಸ ನಾಳಗಳು ರೂಪುಗೊಳ್ಳುತ್ತವೆ. ಮೇಲಿನ ಕ್ಯಾಂಬಿಯಂ ಕೆಳಗಿನ ಕ್ಯಾಂಬಿಯಮ್ಮಿಗೆ ಸೇರಿಕೊಳ್ಳುತ್ತದೆ. ನೀರು ಏರಲು ಶುರುವಾಗುತ್ತದೆ. ಎರಡು ಮೂರು ವಾರದಲ್ಲಿ ಕವರಿನೊಳಗೆ ತಾಮ್ರದ ಬಣ್ಣದ ಚಿಗುರು ಇಣುಕಿದರೆ ಕಸಿ ಹಿಡಿಯಿತು ಅಂತ ಅರ್ಥ.

ತೆಂಗು, ಅಡಿಕೆ, ಬಾಳೆಗೆ ನಮ್ಮ ರೈತರು ಹೀಗೆ ಕಸಿ ಕಟ್ಟುವುದಿಲ್ಲ. ಯಾಕೆಂದರೆ ಅವುಗಳಲ್ಲಿ ಈ ಕ್ಯಾಂಬಿಯಂ ಪದರವೇ ಇಲ್ಲ. 2021ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬೀಜದೊಳಗಿನ ಎಳೇ ಭ್ರೂಣದ ಹಂತದಲ್ಲೇ ಜೋಡಿಸಿದರೆ ಇಂಥ ಗಿಡಗಳಿಗೂ ಕಸಿ ಸಾಧ್ಯ ಎಂದು ತೋರಿಸಿದರು. ಅದು ಪ್ರಯೋಗಶಾಲೆಯ ಮಾತು. ಬಲಿತ ತೆಂಗಿನ ಮರಕ್ಕೆ ಇನ್ನೊಂದು ತೆಂಗಿನ ತಲೆ ಕೂರಿಸಲು ಈಗಲೂ ಆಗುವುದಿಲ್ಲ.

ಬೇರು ಒಂದು, ರುಚಿ ಬೇರೆ

ಬೇರು ಕಳಿಸುವುದು ಮುಖ್ಯವಾಗಿ ನೀರು ಮತ್ತು ಮಣ್ಣಿನ ಲವಣಗಳನ್ನು. ಮಾವಿನ ಸಿಹಿ, ಹುಳಿ, ಪರಿಮಳ, ಬಣ್ಣ ಇವೆಲ್ಲ ಆಯಾ ಕೊಂಬೆಯ ಎಲೆ ಮತ್ತು ಕಾಯಿಯಲ್ಲೇ ತಯಾರಾಗುತ್ತವೆ. ಒಂದೇ ಬಾವಿಯ ನೀರು ತಂದರೂ ಹತ್ತು ಮನೆಯ ಸಾರು ಹತ್ತು ರುಚಿ ಇರುತ್ತದಲ್ಲ, ಹಾಗೆ. ಕಸಿ ಮಾಡಿದಾಗ ಎರಡು ಗಿಡಗಳ ನಾಳಗಳು ಸೇರುತ್ತವೆ, ಜೀನುಗಳು ಬೆರೆಯುವುದಿಲ್ಲ. ಕೀಲಿನಿಂದ ಮೇಲಿರುವ ಪ್ರತಿ ಜೀವಕೋಶವೂ ಆ ಕಡ್ಡಿಯ ವಂಶದ್ದೇ. ಕೆಳಗಿರುವುದು ಹಳೇ ಮರದ್ದೇ. ನಲವತ್ತು ವರ್ಷ ಜೊತೆಗಿದ್ದರೂ ದಶೇರಿ ಕೊಂಬೆ ದಶೇರಿಯಾಗಿಯೇ ಉಳಿಯುತ್ತದೆ.

ಹಾಗಂತ ಬೇರಿಗೆ ಏನೂ ಪ್ರಭಾವ ಇಲ್ಲ ಅಂತಲ್ಲ. ಮರ ಎಷ್ಟು ಹುಲುಸಾಗಿ ಬೆಳೆಯುತ್ತದೆ, ಉಪ್ಪು ನೆಲವನ್ನು ತಾಳಿಕೊಳ್ಳುತ್ತದಾ, ಬರ ತಡೆಯುತ್ತದಾ, ಇಂಥವೆಲ್ಲ ಬೇರಿನ ಮೇಲೆ ನಿಂತಿವೆ. ಕೀಲಿನ ಮೂಲಕ ಕೆಲವು ಹಾರ್ಮೋನುಗಳೂ ಸಣ್ಣ ಆರ್‌ಎನ್‌ಎ ತುಣುಕುಗಳೂ ಓಡಾಡುತ್ತವೆ. ಅವುಗಳಿಂದ ಬೆಳವಣಿಗೆಯಲ್ಲಿ ವ್ಯತ್ಯಾಸ ಬರಬಹುದು. ಆದರೆ ತಳಿ ಬದಲಾಗುವುದಿಲ್ಲ.

ಇನ್ನು ಪರಾಗದ ಪ್ರಶ್ನೆ. ನಾವು ತಿನ್ನುವ ತಿರುಳು, ಮೇಲಿನ ಸಿಪ್ಪೆ ಎರಡೂ ತಾಯಿ ಹೂವಿನ ಅಂಡಾಶಯದಿಂದ ಬೆಳೆದವು. ಅದರಲ್ಲಿ ಪರಾಗಕ್ಕೆ ಪಾಲಿಲ್ಲ. ಚೌಸಾ ಪರಾಗ ಬಿದ್ದರೂ ದಶೇರಿ ಕೊಂಬೆಯ ಹಣ್ಣು ದಶೇರಿಯೇ. ಪರಾಗದ ಪಾಲು ಇರುವುದು ಒಳಗಿನ ಬೀಜದಲ್ಲಿ ಮಾತ್ರ. ಈ ಒಂದು ವಿಷಯ ಹಿಡಿದುಕೊಂಡರೆ ಮಲಿಹಾಬಾದಿನ ಮರದ ಅರ್ಧ ಸೋಜಿಗ ಬಿಡಿಸಿಕೊಳ್ಳುತ್ತದೆ. ಈ ಮರದ ಪ್ರತಿ ಹಣ್ಣೂ ಹಳೇ ತಳಿಯದು. ಪ್ರತಿ ವಾಟೆಯೊಳಗೂ ಹೊಸ ಗಿಡ ಇದೆ.

ಕಲೀಮುಲ್ಲಾ ಖಾನ್ ತಾವು ಕಂಡುಹಿಡಿದ ಹೊಸ ಮಾವುಗಳಿಗೆ ಐಶ್ವರ್ಯಾ, ಸಚಿನ್, ಅನಾರ್ಕಲಿ ಅಂತೆಲ್ಲ ಹೆಸರಿಟ್ಟಿದ್ದು ಪತ್ರಿಕೆಗಳಲ್ಲಿ ಬಂದಿದೆ. ಕಸಿ ಕಟ್ಟಿದ್ದರಿಂದಲೇ ಹೊಸ ಮಾವು ಹುಟ್ಟುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಹೊಸ ತಳಿ ಹುಟ್ಟುವುದು ಪರಾಗ ಸೇರಿ ಆದ ಬೀಜದಿಂದ. ಆ ಬೀಜ ನೆಟ್ಟು, ಬಂದ ಗಿಡಗಳಲ್ಲಿ ಒಳ್ಳೆಯದನ್ನು ಆರಿಸಬೇಕು. ಹೀಗೆ ಆರಿಸಿದ ಗಿಡ ಅದೊಂದೇ ಆಗಿ ಸತ್ತುಹೋಗದಂತೆ ಕಾಯುವುದು ಕಸಿ. ಇವೆರಡೂ ಬೇರೆ ಬೇರೆ ಕೆಲಸ, ಒಂದಿಲ್ಲದೆ ಇನ್ನೊಂದು ಸಾಗುವುದಿಲ್ಲ.

ಕಸಿಯ ಕೀಲಿನಲ್ಲಿ ನಿಜಕ್ಕೂ ಎರಡು ಗಿಡ ಬೆರೆತುಹೋದ ಉದಾಹರಣೆಗಳು ಬೆರಳೆಣಿಕೆಯಷ್ಟಿವೆ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1644ರಲ್ಲಿ ಕಾಣಿಸಿಕೊಂಡ ಬಿಝಾರಿಯಾ ಅವುಗಳಲ್ಲಿ ಪ್ರಸಿದ್ಧ. ಹುಳಿ ಕಿತ್ತಳೆ ಮತ್ತು ಮಾದಲದ ಕಸಿ ಕೀಲಿನಿಂದ ಎದ್ದ ಚಿಗುರು ಅದು. ಅದರ ಒಂದೇ ಹಣ್ಣಿನಲ್ಲಿ ಒಂದು ಭಾಗ ಕಿತ್ತಳೆ, ಇನ್ನೊಂದು ಭಾಗ ಮಾದಲ. ಅಲ್ಲಿ ಕೂಡ ಪ್ರತಿ ಜೀವಕೋಶ ಒಂದೋ ಕಿತ್ತಳೆಯದು, ಇಲ್ಲವೇ ಮಾದಲದ್ದು. ಅಕ್ಕಪಕ್ಕ ಇವೆ, ಒಂದಾಗಿಲ್ಲ. ಮಲಿಹಾಬಾದಿನ ಮರ ಆ ಜಾತಿಯದಲ್ಲ. ಅಲ್ಲಿ ಪ್ರತಿ ತಳಿಯೂ ತನ್ನ ಕೊಂಬೆಯಲ್ಲಿ ಪೂರ್ತಿಯಾಗಿ ಇದೆ.

ಹಳೇ ಮರವೇ ಯಾಕೆ?

ನರ್ಸರಿಯಲ್ಲಿ ಎಳೇ ಸಸಿಗೆ ಒಂದು ಕಡ್ಡಿ ಕಟ್ಟುತ್ತಾರೆ. ಇಲ್ಲಿ ನೂರು ವರ್ಷದ ಮರಕ್ಕೆ ನೂರಾರು ಕಡ್ಡಿ. ಹಳೇ ಮರದ ದೊಡ್ಡ ಅನುಕೂಲ ಅದರ ಬೇರು. ಅಷ್ಟು ಆಳಕ್ಕೂ ಅಗಲಕ್ಕೂ ಹೋದ ಬೇರು ಸಿದ್ಧವಾಗಿರುವಾಗ ಮೇಲೆ ಕೂತ ಹೊಸ ಕಡ್ಡಿ ಬೇಗ ಬೆಳೆಯುತ್ತದೆ. ಈ ಮರಕ್ಕೆ ಕಟ್ಟಿದ ಹೊಸ ಕೊಂಬೆ ಎರಡು ವರ್ಷದ ಆಸುಪಾಸಿನಲ್ಲಿ ಕಾಯಿ ಬಿಡುತ್ತದೆ ಎನ್ನುತ್ತಾರೆ ಕಲೀಮುಲ್ಲಾ ಖಾನ್. ಕಡ್ಡಿಯ ವಯಸ್ಸೂ ಇದಕ್ಕೆ ಸಹಾಯ ಮಾಡುತ್ತದೆ. ಫಲ ಬಿಡುವ ಮರದಿಂದ ತಂದ ಕಡ್ಡಿ ಆಗಲೇ ಪ್ರೌಢ. ವಾಟೆಯಿಂದ ಬಂದ ಗಿಡದಂತೆ ವರ್ಷಗಟ್ಟಲೆ ಬಾಲ್ಯ ಕಳೆಯಬೇಕಿಲ್ಲ.

ಹಳೇ ಮರಕ್ಕೆ ತಳಿ ಕಟ್ಟುವ ಸಾಮಾನ್ಯ ಕ್ರಮ ಹೀಗೆ. ಆರಿಸಿದ ಕೊಂಬೆಯನ್ನು ಮೋಟು ಮಾಡುತ್ತಾರೆ. ಕಡಿದ ಜಾಗಕ್ಕೆ ಬೂಸು ಹಿಡಿಯದಂತೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚುತ್ತಾರೆ. ಮೋಟಿನ ಸುತ್ತ ಹತ್ತಾರು ಚಿಗುರು ಏಳುತ್ತವೆ. ಗಟ್ಟಿಯಾದ ಮೂರು ನಾಲ್ಕನ್ನು ಉಳಿಸಿ ಬಾಕಿಯದನ್ನು ತೆಗೆಯುತ್ತಾರೆ. ಅವು ಪೆನ್ಸಿಲ್ ದಪ್ಪಕ್ಕೆ ಬಂದಾಗ ಕಡ್ಡಿ ಕಟ್ಟುತ್ತಾರೆ. ಎಲ್ಲ ಕೊಂಬೆಗಳನ್ನೂ ಒಟ್ಟಿಗೆ ಕಡಿಯುವ ಹಾಗಿಲ್ಲ. ಎಲೆ ಇಲ್ಲದಿದ್ದರೆ ಬೇರಿಗೆ ಊಟ ಇಲ್ಲ. ಅದಕ್ಕೇ ಒಂದು ಸಲಕ್ಕೆ ಕೆಲವು ಕೊಂಬೆ ಮಾತ್ರ. ಈ ಮರಕ್ಕೆ ದಶಕಗಳು ಹಿಡಿದದ್ದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ.

ಕಟ್ಟುವುದಕ್ಕಿಂತ ಕಷ್ಟ ಕಾಪಾಡುವುದು. ಒಂದು ತಳಿ ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಇನ್ನೊಂದು ಅಡ್ಡ ಹರಡುತ್ತದೆ. ಜೋರಾಗಿ ಬೆಳೆಯುವ ತಳಿ ಪಕ್ಕದ ನಿಧಾನ ತಳಿಗೆ ಬಿಸಿಲು ಬೀಳದಂತೆ ಮಾಡುತ್ತದೆ. ಬಿಸಿಲಿಲ್ಲದ ಕೊಂಬೆ ಹೂ ಬಿಡುವುದಿಲ್ಲ, ಒಂದು ದಿನ ಒಣಗಿಯೇ ಹೋಗುತ್ತದೆ. ಕೀಲಿನ ಕೆಳಗಿಂದ ಹಳೇ ಮರದ್ದೇ ಚಿಗುರು ಏಳುತ್ತಿರುತ್ತದೆ. ಅದನ್ನು ಕೀಳದೆ ಬಿಟ್ಟರೆ ಅದೇ ಮರವನ್ನು ಆವರಿಸುತ್ತದೆ. ಮೇಲಾಗಿ ದಶೇರಿ, ಲಂಗ್ಡಾ, ಚೌಸಾ ಇಂಥವು ಒಂದು ವರ್ಷ ತುಂಬ ಬಿಟ್ಟು ಮರುವರ್ಷ ಕೈ ಕೊಡುತ್ತವೆ. ನೀಲಂನಂಥವು ವರ್ಷವೂ ಬಿಡುತ್ತವೆ. ಯಾವ ಕೊಂಬೆಗೆ ಯಾವ ವರ್ಷ ವಿಶ್ರಾಂತಿ ಅನ್ನುವ ಲೆಕ್ಕ ನೋಡಿಕೊಳ್ಳುವವರ ತಲೆಯಲ್ಲಿ ಇರಬೇಕು. ರೋಗದ ಭಯವೂ ಉಂಟು. ಉತ್ತರ ಭಾರತದಲ್ಲಿ ಮಾವಿನ ಹೂಗೊಂಚಲು ವಿಕಾರವಾಗಿ ಮುದ್ದೆಗಟ್ಟುವ ಒಂದು ಶಿಲೀಂಧ್ರ ರೋಗ ಇದೆ. ರೋಗ ಬಂದ ಮರದ ಕಡ್ಡಿ ತಂದು ಕಟ್ಟಿದರೆ ರೋಗವೂ ಜೊತೆಗೇ ಬರುತ್ತದೆ. ಹಾಗಾಗಿ ಪ್ರತಿ ಕಡ್ಡಿಯನ್ನೂ ಮರ ನೋಡಿ, ಅದರ ಹೂ ನೋಡಿ ತರಬೇಕು. ಸುಮ್ನೆ ಸಿಕ್ಕಿದ್ದು ಕಟ್ಟಲಾಗುವುದಿಲ್ಲ.

ಮುನ್ನೂರು ತಳಿ ಒಂದೇ ಮರದಲ್ಲಿ ನಿಲ್ಲುವುದಕ್ಕೆ ಇನ್ನೊಂದು ಕಾರಣ, ಅವೆಲ್ಲವೂ ಒಂದೇ ಜಾತಿಯ ಮಾವು. ನೆಂಟಸ್ತಿಕೆ ಹತ್ತಿರವಿದ್ದಷ್ಟೂ ಕಸಿ ಚೆನ್ನಾಗಿ ಹಿಡಿಯುತ್ತದೆ. ಗೇರು ಮಾವಿನ ಕುಟುಂಬದ್ದೇ ಆದರೂ ಮಾವಿನ ಮೇಲೆ ನಿಲ್ಲುವುದಿಲ್ಲ, ದೂರದ ಸಂಬಂಧ. ರಷ್ಯಾದ ಸೋಚಿಯಲ್ಲಿ ಫ್ಯೋದೋರ್ ಜೋರಿನ್ ಎಂಬ ವಿಜ್ಞಾನಿ 1934ರಲ್ಲಿ ಒಂದು ಕಾಡು ನಿಂಬೆ ಮರಕ್ಕೆ ಬೇರೆ ಬೇರೆ ನಿಂಬೆ, ಕಿತ್ತಳೆಗಳನ್ನು ಕಟ್ಟಲು ಶುರು ಮಾಡಿದ. ಚಳಿ ತಡೆಯುವ ತಳಿ ಹುಡುಕುವುದು ಅವನ ಉದ್ದೇಶವಾಗಿತ್ತು. ಆಮೇಲೆ ಅನೇಕ ದೇಶಗಳ ಅತಿಥಿಗಳು ಬಂದು ಅದಕ್ಕೆ ಕಸಿ ಕಟ್ಟಿ ಹೋದರು. ಸ್ನೇಹದ ಮರ ಅಂತಲೇ ಅದಕ್ಕೆ ಹೆಸರು. ಅಮೆರಿಕದಲ್ಲಿ ಸ್ಯಾಮ್ ವಾನ್ ಏಕನ್ ಎಂಬ ಕಲಾವಿದ 2008ರಿಂದ ಪೀಚ್, ಪ್ಲಮ್, ಏಪ್ರಿಕಾಟ್ ಮುಂತಾದವನ್ನು ಒಂದೇ ಮರಕ್ಕೆ ಸೇರಿಸುತ್ತ, ಒಂದೊಂದರಲ್ಲೂ ನಲವತ್ತು ಬಗೆಯ ಹಣ್ಣು ಬಿಡುವ ಮರಗಳನ್ನು ಬೆಳೆಸಿದ್ದಾರೆ. ಎಲ್ಲ ಕಡೆಯೂ ನಿಯಮ ಒಂದೇ. ಹತ್ತಿರದ ಸಂಬಂಧ ಇರಬೇಕು.

ಒಂದು ಮರ ಲಕ್ಷ ಮರವಾದ ಕಥೆ

ಮಲಿಹಾಬಾದಿನ ಈ ಮರದ ಬಗ್ಗೆ ಬರೆಯುವವರು ಹತ್ತಿರದಲ್ಲೇ ಇರುವ ಇನ್ನೊಂದು ಮರವನ್ನು ಸಾಮಾನ್ಯವಾಗಿ ಜೊತೆಗೆ ಹೇಳುವುದಿಲ್ಲ. ನನಗೆ ಅವೆರಡನ್ನೂ ಒಟ್ಟಿಗೆ ನೋಡಿದರೇ ವಿಷಯ ಪೂರ್ತಿಯಾಗುವುದು ಅನ್ನಿಸುತ್ತದೆ. ಕಾಕೋರಿ ಕಡೆಗೆ ದಶೇರಿ ಅಂತ ಒಂದು ಹಳ್ಳಿ. ಅಲ್ಲಿ ಒಂದು ಮುದಿ ಮಾವಿನ ಮರ ಇದೆ, ವಯಸ್ಸು 200ಕ್ಕೂ ಜಾಸ್ತಿ ಎನ್ನುತ್ತಾರೆ. ದಶೇರಿ ಮಾವಿನ ಮೂಲ ಮರ ಅದೇ. ಯಾವುದೋ ವಾಟೆಯಿಂದ ತಾನಾಗಿ ಎದ್ದ ಗಿಡ. ನವಾಬರ ಕಾಲದಲ್ಲಿ ಅದರ ಕಡ್ಡಿ ಹೊರಗೆ ಹೋಗದಂತೆ ಕಾವಲು ಇತ್ತು ಅನ್ನುವ ಕಥೆ ಅಲ್ಲಿ ಜನರ ಬಾಯಲ್ಲಿದೆ.

ಹೇಗೋ ಕಡ್ಡಿ ಹೊರಗೆ ಬಂತು. ಇವತ್ತು ಭಾರತದಲ್ಲಿ ಇರುವ ಎಷ್ಟೋ ಲಕ್ಷ ದಶೇರಿ ಮರಗಳೆಲ್ಲ ಆ ಒಂದೇ ಮರದ ತುಂಡುಗಳು. ಮಕ್ಕಳು ಮೊಮ್ಮಕ್ಕಳಲ್ಲ, ಅದೇ ಮರ. ಮಲಿಹಾಬಾದಿ ದಶೇರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಅಂದರೆ ಕಸಿ ಎಂಬ ಒಂದೇ ಕೈಕೆಲಸ ಇಲ್ಲಿ ಎರಡು ದಿಕ್ಕಿಗೆ ಹೋಗಿದೆ. ಒಂದು ಕಡೆ ಒಂದೇ ಮರ ಇಡೀ ಸೀಮೆಯನ್ನು ತುಂಬಿತು. ಇನ್ನೊಂದು ಕಡೆ ಇಡೀ ಸೀಮೆಯ ತಳಿಗಳು ಒಂದು ಮರದ ಮೇಲೆ ಬಂದು ಸೇರಿದವು. ಎರಡನೆಯದರ ಬೆಲೆ ತಿಳಿಯಬೇಕಾದರೆ ಮೊದಲನೆಯದರಿಂದ ಆದದ್ದನ್ನು ನೋಡಬೇಕು.

ಮಾರುಕಟ್ಟೆಗೆ ದಶೇರಿ ಬೇಕು. ಅದು ಚೆನ್ನಾಗಿ ಬಿಕರಿಯಾಗುತ್ತದೆ, ಒಂದೇ ಅಳತೆ ಇರುತ್ತದೆ, ಹೆಸರಿದೆ. ರೈತರು ಅದನ್ನೇ ಹಾಕಿದರು. ಅವರದು ತಪ್ಪಲ್ಲ, ಜೀವನ ನಡೆಯಬೇಕಲ್ಲ. ಆದರೆ ಬೇರೆ ತಳಿಗಳು ತೋಪಿನ ಅಂಚಿಗೆ ಹೋದವು, ಆಮೇಲೆ ಅಂಚಿನಿಂದಲೂ ಹೋದವು. ಇದರಿಂದ ದಶೇರಿಗೇ ಒಂದು ತೊಂದರೆ ಬಂತು. ದಶೇರಿ ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ. ಕಾಯಿ ಕಚ್ಚಬೇಕಾದರೆ ಬೇರೆ ತಳಿಯ ಪರಾಗ ಬೇಕು. ತೋಪಿನಲ್ಲಿ ಸಾವಿರ ದಶೇರಿ ಇದ್ದರೂ ಅವೆಲ್ಲ ಒಂದೇ ಮರ ಅಂತ ಹೇಳಿದೆನಲ್ಲ, ಹಾಗಾಗಿ ಅಕ್ಕಪಕ್ಕದ ಮರದ ಪರಾಗವೂ ತನ್ನದೇ. ಅದು ಉಪಯೋಗಕ್ಕೆ ಬರುವುದಿಲ್ಲ. ಜೊತೆಗೆ ಔಷಧಿ ಹೊಡೆದು ಹೊಡೆದು ಪರಾಗ ತರುವ ನೊಣ, ಜೇನು ಕಡಿಮೆಯಾದವು. ಆಗ ಹೂಗೊಂಚಲಿನ ತುದಿಯಲ್ಲಿ ಗೋಲಿಯಷ್ಟು ಗಾತ್ರದ ಹೀಚುಗಳು ಗುಂಪಾಗಿ ಕಚ್ಚಿ, ಬೆಳೆಯದೆ ಹಾಗೇ ನಿಂತು, ಕೊನೆಗೆ ಉದುರುತ್ತವೆ. ಅಲ್ಲಿನ ರೈತರು ಇದಕ್ಕೆ ಝುಮ್ಕಾ ಅನ್ನುತ್ತಾರೆ. ಇದಕ್ಕೆ ತೋಟಗಾರಿಕೆ ತಜ್ಞರು ಹೇಳುವ ಪರಿಹಾರಗಳಲ್ಲಿ ಒಂದು, ದಶೇರಿ ತೋಪಿನ ನಡುನಡುವೆ ಬಾಂಬೆ ಗ್ರೀನ್‌ನಂಥ ಬೇರೆ ತಳಿಗಳನ್ನು ಇಡುವುದು. ಹೊಸದಾಗಿ ಮರ ನೆಡಲು ಜಾಗ ಇಲ್ಲದಿದ್ದರೆ? ಇರುವ ಮರಗಳ ಒಂದೆರಡು ಕೊಂಬೆಗೆ ಬೇರೆ ತಳಿ ಕಟ್ಟಿದರೂ ಸಾಕು.

ಕಲೀಮುಲ್ಲಾ ಖಾನ್ ತಮ್ಮ ಮರವನ್ನು ಮಾವಿನ ಕಾಲೇಜು ಎಂದು ಕರೆಯುತ್ತಾರೆ. ನನ್ನ ಮಟ್ಟಿಗೆ ಅದರ ಬೆಲೆ ಇರುವುದು ಸೋಜಿಗದಲ್ಲಿ ಅಲ್ಲ, ಉಳಿಸಿದ್ದರಲ್ಲಿ. ಯಾವುದೋ ಹಳೇ ತೋಪಿನಲ್ಲಿ ಕೊನೆಯದಾಗಿ ಉಳಿದಿದ್ದ ಮರವನ್ನು ನಾಳೆ ಕಡಿಯುತ್ತಾರೆ ಅಂದಾಗ, ಅದರ ಒಂದು ಕಡ್ಡಿ ತಂದು ಒಂದು ಕೊಂಬೆಗೆ ಕಟ್ಟಿದರೆ ಆ ತಳಿ ಬದುಕಿತು. ಎಕರೆಗಟ್ಟಲೆ ಜಾಗ ಬೇಡ. ಒಂದು ಮಾತು ಮಾತ್ರ ಮರೆಯಬಾರದು. ಎಲ್ಲವೂ ಒಂದೇ ಬುಡದ ಮೇಲೆ ನಿಂತಿರುವುದರಿಂದ ಅಪಾಯವೂ ಒಂದೇ ಕಡೆ ಇದೆ. ಬುಡಕ್ಕೆ ಕಾಂಡ ಕೊರೆಯುವ ಹುಳು ಬಿದ್ದರೆ, ಬಿರುಗಾಳಿಗೆ ಮರ ಉರುಳಿದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಪ್ರತಿ ತಳಿಯೂ ಇನ್ನೊಂದು ಕಡೆ ಬೇರೆ ಮರವಾಗಿಯೂ ಇರಬೇಕು. ಲಕ್ನೋ ಹತ್ತಿರದ ರೆಹ್ಮಾನ್‌ಖೇಡಾದಲ್ಲಿ ಕೇಂದ್ರ ಸರ್ಕಾರದ ಉಪೋಷ್ಣ ತೋಟಗಾರಿಕೆ ಸಂಸ್ಥೆ ಇದೆ. ಅಲ್ಲಿ ನೂರಾರು ಮಾವಿನ ತಳಿಗಳನ್ನು ಹಾಗೆ ಬೇರೆ ಬೇರೆ ಮರಗಳಾಗಿ ಕಾಪಾಡುತ್ತಿದ್ದಾರೆ.

ನಮ್ಮ ಕಡೆ

ದಶೇರಿಗೂ ಕರ್ನಾಟಕಕ್ಕೂ ಏನು ಸಂಬಂಧ ಅನ್ನಬೇಡಿ. ಜೂನ್ ತಿಂಗಳಲ್ಲಿ ನಮ್ಮ ಅಂಗಡಿಗಳಲ್ಲಿ ಸಿಗುವ ಮಲ್ಲಿಕಾ ಇದೆಯಲ್ಲ, ಅದರ ತಾಯಿ ದಕ್ಷಿಣದ ನೀಲಂ, ತಂದೆ ದಶೇರಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಈ ಎರಡನ್ನೂ ಸೇರಿಸಿ ತೆಗೆದ ತಳಿ ಅದು. ಇದೇ ಜೋಡಿಯನ್ನು ಅದಲು ಬದಲು ಮಾಡಿದಾಗ ಬಂದದ್ದು ಆಮ್ರಪಾಲಿ. ಆ ಹಳ್ಳಿಯ ಮುದಿ ಮರದ ಅಂಶ ನಮ್ಮ ಊಟದ ತಟ್ಟೆಯಲ್ಲೂ ಇದೆ.

ಮಲೆನಾಡಿನ ಅಪ್ಪೆಮಿಡಿಯ ಕಥೆಯಂತೂ ಮಲಿಹಾಬಾದಿಗೆ ಬಹಳ ಹತ್ತಿರ. ಶರಾವತಿ, ಅಘನಾಶಿನಿ, ವರದಾ ನದಿಗಳ ದಂಡೆಯಲ್ಲಿ ತಾನಾಗಿ ಬೆಳೆದ ಕಾಡು ಮರಗಳು. ಉಪ್ಪಿನಕಾಯಿಗೆ ಹೆಸರಾದ ಜೀರಿಗೆ ಮಿಡಿ, ಅನಂತಭಟ್ಟನ ಅಪ್ಪೆ ಇವೆಲ್ಲ ಹುಟ್ಟಿದ್ದು ಎಲ್ಲೋ ಒಂದೊಂದು ಮರದಿಂದ. ಅಂಥ ಮರದ ಮಿಡಿಗೆ ಸೊನೆಯ ಘಮ ಬೇರೆ, ವರ್ಷಗಟ್ಟಲೆ ಕೆಡದೆ ಗರಿಗರಿಯಾಗಿ ಇರುವ ಗುಣ ಬೇರೆ. ಮರ ಬಿದ್ದರೆ ಆ ರುಚಿ ಶಾಶ್ವತವಾಗಿ ಹೋಯಿತು. ಮಿಡಿ ಕೊಯ್ಯಲು ಕಷ್ಟ ಅಂತ ಕೊಂಬೆಯನ್ನೇ ಕಡಿದು ಹಾಕುವ ಕಾಟವೂ ಇದೆ. ಮಲೆನಾಡಿನ ಆಸಕ್ತ ಕೃಷಿಕರು ಇಂಥ ಮರಗಳನ್ನು ಹುಡುಕಿ, ಕಡ್ಡಿ ತಂದು ಕಸಿ ಕಟ್ಟಿ ಹಂಚಿದ್ದರಿಂದ ಎಷ್ಟೋ ಮಿಡಿಗಳು ಉಳಿದವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅವನ್ನು ಸಂಗ್ರಹಿಸಿದೆ. ಎತ್ತರದ ಕಾಡು ಮರ ಹತ್ತುವ ಬದಲು ಕೈಗೆಟುಕುವ ಗಿಡದಲ್ಲಿ ಮಿಡಿ ಸಿಗುವಂತಾಯಿತು.

ನಿಮ್ಮ ಹಿತ್ತಲಲ್ಲಿ ವಾಟೆಯಿಂದ ಬಂದ ಒಂದು ಹುಳಿ ಮಾವಿನ ಮರ ಇದ್ದರೆ ಅದನ್ನು ಕಡಿಯುವ ಮುಂಚೆ ಯೋಚಿಸಿ. ಮುನ್ನೂರು ಬೇಡ, ಮೂರು ತಳಿ ಕಟ್ಟಬಹುದು. ರಸಪುರಿ, ಬಾದಾಮಿ, ಮಲ್ಲಿಕಾ ಅಂತ ಆರಿಸಿದರೆ ಒಂದಾದ ಮೇಲೆ ಒಂದು ಹಣ್ಣಾಗುತ್ತವೆ, ಕಾಲವೂ ಉದ್ದವಾಗುತ್ತದೆ. ಚಳಿಗಾಲ ಮುಗಿಯುವಾಗ ಮೂರನೇ ಒಂದು ಭಾಗ ಕೊಂಬೆಗಳನ್ನು ಮಾತ್ರ ಮೋಟು ಮಾಡಿ. ಮಳೆ ಹಿಡಿದ ಮೇಲೆ ಚಿಗುರಿಗೆ ಕಸಿ ಕಟ್ಟಿಸಿ. ಜೋರಾಗಿ ಬೆಳೆಯುವ ತಳಿಯನ್ನು ಉತ್ತರದ ಕಡೆಗೆ ಇಟ್ಟರೆ ಅದರ ನೆರಳು ಬೇರೆಯದರ ಮೇಲೆ ಕಡಿಮೆ ಬೀಳುತ್ತದೆ. ಕೀಲು ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಚ್ಚುವುದನ್ನು ಮರೆಯಬೇಡಿ. ಬಿಚ್ಚದಿದ್ದರೆ ಕೊಂಬೆ ದಪ್ಪವಾಗುತ್ತ ಬಂದು ಪಟ್ಟಿ ಕುತ್ತಿಗೆ ಬಿಗಿಯುತ್ತದೆ, ಒಂದು ಗಾಳಿಗೆ ಅಲ್ಲೇ ಮುರಿಯುತ್ತದೆ. ಮೊದಲ ಎರಡು ವರ್ಷ ಕೀಲಿನ ಕೆಳಗೆ ಏಳುವ ಚಿಗುರನ್ನು ಬಿಡದೆ ಚಿವುಟುತ್ತಿರಿ. ಯಾವ ಕೊಂಬೆಗೆ ಯಾವುದನ್ನು ಕಟ್ಟಿದ್ದು, ಕಡ್ಡಿ ಯಾರ ಮರದಿಂದ ತಂದದ್ದು ಅಂತ ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀಚಿ, ಸಡಿಲವಾಗಿ ತಂತಿ ಹಾಕಿ ತೂಗುಬಿಡಿ. ಕಾಗದದ ಚೀಟಿ ಒಂದು ಮಳೆಗಾಲವೂ ಬಾಳುವುದಿಲ್ಲ.